ನಮ್ಮ ಗೇಟು, ಊರ ರಸ್ತೆ

ಪುಣೆಯ ಯಾವುದೇ ವಸತಿ ಬಡಾವಣೆಯ ಓಣಿಗಳಲ್ಲಿ ಅಡ್ಡಾಡಿ ಬನ್ನಿ, ಒಂದು ಫಲಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಗೇಟ್‌ಸಮೋರ್ ಗಾಡೀ ಲಾವೂ ನಯೇ’. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ಕೆಲವು ಗೇಟುಗಳ ಮೇಲೆ ಅದರ ಕೆಳಗೇ ಇನ್ನೊಂದು ಸಾಲು, ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯಲಾಗುವುದು ಎಂದು. ‘ಪುಣೇರಿ ಪಾಟ್ಯಾ’ ಎಂದೇ ಮಹಾರಾಷ್ಟ್ರದಲ್ಲೆಲ್ಲ ಹೆಸರಾಗಿರುವ ಈ ಖಡಕ್ ಫಲಕಗಳನ್ನು ಹೊರಗಿನಿಂದ ಬಂದವರು ಫೋಟೋ ತೆಗೆದುಕೊಂಡು ನಗುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮಗುವನ್ನು ಶಾಲೆಗೆ ಬಿಡಲು ಸ್ಕೂಟರ್ ಹೊರತೆಗೆಯಬೇಕಾದವರಿಗೆ, ಅದೇ ಹೊತ್ತಿಗೆ ಗೇಟಿಗೆ ಅಡ್ಡವಾಗಿ ಯಾರದೋ ಕಾರು ನಿಂತಿರುವುದನ್ನು ಕಂಡವರಿಗೆ ನಗು ಬರುವುದಿಲ್ಲ. ಗುರುತಿನವರದೇ ಕಾರಾದರೆ ಸಿಟ್ಟು ಇನ್ನೂ ಹೆಚ್ಚು. ಹಬ್ಬಕ್ಕೆ ಫರಾಳದ ತಟ್ಟೆ ಕೊಟ್ಟು ತೆಗೆದುಕೊಳ್ಳುವ ಮನೆಯವರ ಜೊತೆ ಮಾತು ಬಿಡುವಂತಾಗುವುದು ಹೀಗೆಯೇ.

ಈ ಜಗಳಗಳನ್ನು ಹತ್ತಿರದಿಂದ ನೋಡುತ್ತಾ ಬಂದ ಮೇಲೆ ನನಗೆ ಖಚಿತವಾಗಿರುವುದು ಒಂದೇ ಮಾತು. ಇಲ್ಲಿ ಎರಡು ಬೇರೆ ಬೇರೆ ದೂರುಗಳಿವೆ, ನಾವು ಎರಡನ್ನೂ ಕಲಸಿಬಿಟ್ಟಿದ್ದೇವೆ. ಗೇಟಿಗೆ ಅಡ್ಡ ನಿಲ್ಲಿಸಿ ಮನೆಯವರು ಹೊರಗೆ ಬರದಂತೆ, ಒಳಗೆ ಹೋಗದಂತೆ ಮಾಡುವುದು ಒಂದು. ನಮ್ಮ ಕಾಂಪೌಂಡಿಗೆ ಹೊಂದಿಕೊಂಡ ರಸ್ತೆಯ ಅಂಚಿನಲ್ಲಿ, ವರ್ಷಗಳಿಂದ ನಾವೇ ಕಾರು ನಿಲ್ಲಿಸಿಕೊಂಡು ಬಂದ ಜಾಗದಲ್ಲಿ, ಬೇರೆಯವರು ತಂದು ನಿಲ್ಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕಾನೂನು ಪೂರ್ತಿ ನಮ್ಮ ಕಡೆಗಿದೆ. ಎರಡನೆಯದರಲ್ಲಿ ನಮ್ಮ ಹೊಟ್ಟೆ ಎಷ್ಟೇ ಉರಿಯಲಿ, ನಮ್ಮ ಕೈಯಲ್ಲಿ ಏನೂ ಇಲ್ಲ. ರಸ್ತೆ ಊರಿನದು. ನಮ್ಮ ಗೋಡೆ ಅದರ ಪಕ್ಕದಲ್ಲಿದೆ ಎಂಬ ಕಾರಣಕ್ಕೆ ಅದು ನಮ್ಮದಾಗುವುದಿಲ್ಲ.

ಹಾಗಾಗಿಯೇ, ಮನೆಯ ಮುಂದಿನ ರಸ್ತೆಯಲ್ಲಿ ಹೂಕುಂಡ, ಕಲ್ಲು, ಹಳೆಯ ಟೈರು ಇಟ್ಟು ಜಾಗ ಹಿಡಿಯುವವರೂ ತಪ್ಪು ಮಾಡುತ್ತಿದ್ದಾರೆ. ಕೋಥರೂಡಿನಲ್ಲಿ, ಸಹಕಾರನಗರದಲ್ಲಿ ಇದು ದಿನನಿತ್ಯ ಕಾಣುವ ನೋಟ. ಬೆಳಿಗ್ಗೆ ಕಾರು ಹೊರಟ ಕೂಡಲೇ ಮನೆಯವರೊಬ್ಬರು ಬಂದು ಎರಡು ಕುಂಡ ಎಳೆದಿಡುತ್ತಾರೆ, ಸಂಜೆ ಕಾರು ಬಂದಾಗ ಸರಿಸುತ್ತಾರೆ. ಸಾರ್ವಜನಿಕ ರಸ್ತೆಯನ್ನು ಒತ್ತುವರಿ ಮಾಡುವುದೆಂದರೆ ಇದೇ. ಪಕ್ಕದ ಮನೆಯವರ ಮೇಲೆ ದೂರು ಕೊಡುವ ಮೊದಲು ನಮ್ಮ ಕುಂಡಗಳನ್ನು ಒಳಗೆ ತೆಗೆದುಕೊಳ್ಳಬೇಕು.

ಗೇಟಿನ ವಿಷಯ ಹಾಗಲ್ಲ. 1989ರ ರಸ್ತೆ ನಿಯಮಗಳ ಕಾಲದಿಂದಲೂ ಇದು ಸ್ಪಷ್ಟವಾಗಿದೆ: ಬಸ್ ನಿಲ್ದಾಣದ ಬಳಿ, ಶಾಲೆ, ಆಸ್ಪತ್ರೆಗಳ ಬಾಗಿಲಲ್ಲಿ, ತಿರುವಿನಲ್ಲಿ, ಫುಟ್‌ಪಾತ್ ಮೇಲೆ ನಿಲ್ಲಿಸಬಾರದು ಎಂದ ಹಾಗೆಯೇ ಯಾವುದೇ ಆವರಣದ ಪ್ರವೇಶಕ್ಕೆ ಅಡ್ಡವಾಗಿಯೂ ನಿಲ್ಲಿಸಬಾರದು. ಗೇಟಿನ ಮೇಲೆ ಫಲಕ ಇರಲಿ, ಇಲ್ಲದಿರಲಿ, ನಿಯಮ ಒಂದೇ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಅಪಾಯವಾಗುವಂತೆ, ಅಡಚಣೆಯಾಗುವಂತೆ ಗಾಡಿ ಬಿಟ್ಟುಹೋಗುವುದನ್ನು ನಿಷೇಧಿಸುತ್ತದೆ. 127ನೇ ಕಲಂ ಪ್ರಕಾರ, ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನಾಗಲಿ, ಹತ್ತು ಗಂಟೆ ಇಲ್ಲವೇ ಅದಕ್ಕೂ ಹೆಚ್ಚು ಕಾಲ ಬಿಟ್ಟುಹೋದ ಗಾಡಿಯನ್ನಾಗಲಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಿಕೊಂಡು ಹೋಗಬಹುದು, ಇಲ್ಲವೇ ಚಕ್ರಕ್ಕೆ ಬೀಗ ಹಾಕಿಸಬಹುದು. ಪುಣೆಯವರು ಈ ಬೀಗಕ್ಕೆ ‘ಜಾಮರ್’ ಎನ್ನುತ್ತಾರೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡಸಂಹಿತೆಯಲ್ಲಿ ಹೆಚ್ಚೆಂದರೆ 200 ರೂಪಾಯಿ ದಂಡವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಅದನ್ನು 5,000 ರೂಪಾಯಿವರೆಗೆ ಏರಿಸಿದೆ. ಚಕ್ರದ ಗಾಳಿ ತೆಗೆಯುವ ಅಧಿಕಾರವನ್ನು ಮಾತ್ರ ಯಾವ ಕಲಮೂ ಯಾರಿಗೂ ಕೊಟ್ಟಿಲ್ಲ. ಹಾಗೆ ಮಾಡಿದವರು ತಮ್ಮ ಕಡೆಗಿದ್ದ ನ್ಯಾಯವನ್ನು ತಾವೇ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಕಾನೂನಿದ್ದೂ ಓಣಿ ಯಾಕೆ ಹೀಗಿದೆ? ಒಮ್ಮೆ ಟೇಪು ಹಿಡಿದು ಅಳೆದರೆ ಉತ್ತರ ಸಿಗುತ್ತದೆ. ಪುಣೆಯ ಹಳೆಯ ಬಡಾವಣೆಗಳ ಎಷ್ಟೋ ಒಳರಸ್ತೆಗಳು 6 ಮೀಟರಿನವು. ಮಾರುತಿ 800ರ ಅಗಲ 1.44 ಮೀಟರ್. ಎರಡೂ ಬದಿಗೆ ಒಂದೊಂದು ಮಾರುತಿ ನಿಂತರೂ ನಡುವೆ 3 ಮೀಟರ್‌ಗಿಂತ ಹೆಚ್ಚು ಜಾಗ ಉಳಿಯುತ್ತಿತ್ತು, ಇನ್ನೊಂದು ಗಾಡಿ ಆರಾಮಾಗಿ ಹೋಗುತ್ತಿತ್ತು. ಈಗ ಓಣಿಗಳಲ್ಲಿ ಕಾಣುವ ಸ್ಕಾರ್ಪಿಯೋ-ಎನ್‌ನಂಥ ಗಾಡಿಯ ಅಗಲ 1.9 ಮೀಟರ್ ದಾಟುತ್ತದೆ. ಅಂಥವು ಎರಡು ಎದುರುಬದುರು ನಿಂತರೆ ನಡುವೆ ಉಳಿಯುವುದು 2.2 ಮೀಟರಿಗೂ ಕಡಿಮೆ. ಅಗ್ನಿಶಾಮಕ ದಳದ ಗಾಡಿ ಸುಮಾರು ಎರಡೂವರೆ ಮೀಟರ್ ಅಗಲ. ಅದು ಓಣಿಯ ಬಾಯಲ್ಲೇ ನಿಲ್ಲಬೇಕು. ಆಗ ಇದು ಇಬ್ಬರು ನೆರೆಯವರ ನಡುವಿನ ಮನಸ್ತಾಪವಾಗಿ ಉಳಿಯುವುದಿಲ್ಲ, ಇಡೀ ಓಣಿಯ ಜೀವದ ಪ್ರಶ್ನೆಯಾಗುತ್ತದೆ. ಎರಡೂ ಬದಿಗೆ ನಿಲ್ಲಿಸುವವರಲ್ಲಿ ಎಷ್ಟು ಮಂದಿ ಈ ಲೆಕ್ಕ ಹಾಕಿರಬಹುದು ಎಂದು ಯೋಚಿಸಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಒಂದು ಕಾಲಕ್ಕೆ ಪುಣೆ ಸೈಕಲ್ಲಿನ ಊರು. ಪೇಠ್ ಎಂಬ ಹಳೆಯ ಕೇರಿಗಳ ವಾಡಾ ಮನೆಗಳಿಂದ ಕಾಲೇಜಿಗೆ, ಕಚೇರಿಗೆ, ಕಾರ್ಖಾನೆಗೆ ಜನ ಸೈಕಲ್ ಮೇಲೇ ಹೋಗುತ್ತಿದ್ದರು. ಆಕುರ್ಡಿಯ ಬಜಾಜ್ ಕಾರ್ಖಾನೆಯ ಸ್ಕೂಟರುಗಳು ಬಂದವು, ಆಮೇಲೆ ಕಾರುಗಳು. 2018ರ ಹೊತ್ತಿಗೆ ಊರಿನ ವಾಹನಗಳ ಸಂಖ್ಯೆ 36 ಲಕ್ಷ ದಾಟಿ ಜನಸಂಖ್ಯೆಯನ್ನೇ ಮೀರಿಸಿತು ಎಂದು ಆರ್‌ಟಿಒ ಅಂಕಿಅಂಶಗಳನ್ನು ಆಧರಿಸಿ ಪತ್ರಿಕೆಗಳು ಬರೆದವು. ಅದೇ ಹೊತ್ತಿನಲ್ಲಿ ಒಂಟಿ ಬಂಗಲೆಗಳು, ಮೂರು ಮಹಡಿಯ ಹಳೆಯ ಸೊಸೈಟಿಗಳು ಪುನರಭಿವೃದ್ಧಿಗೆ ಹೋದವು. ಒಂದು ಕುಟುಂಬ, ಒಂದು ಸ್ಕೂಟರ್ ಇದ್ದ ಜಾಗದಲ್ಲಿ ಹತ್ತಾರು ಫ್ಲ್ಯಾಟು ಎದ್ದವು, ಆದರೆ ಎದುರಿನ ರಸ್ತೆ ಅಷ್ಟೇ ಇತ್ತು. 2020ರಲ್ಲಿ ಪಾಲಿಕೆ ಇಂಥ 323 ರಸ್ತೆಗಳನ್ನು 6 ಮೀಟರಿನಿಂದ 9 ಮೀಟರಿಗೆ ಅಗಲಿಸುವ ಪ್ರಸ್ತಾವ ತಂದಿತು. ರಸ್ತೆ ಅಗಲವಾದರೆ ಅಲ್ಲಿ ಇನ್ನಷ್ಟು ಮಹಡಿ ಕಟ್ಟಲು ಅವಕಾಶವಾಗುತ್ತದೆ ಎಂಬುದೂ ಆ ಪ್ರಸ್ತಾವದೊಳಗೇ ಇತ್ತು. ಮಹಡಿ ಹೆಚ್ಚಿದರೆ ಕಾರೂ ಹೆಚ್ಚುತ್ತದೆ. ಅಗಲಿಸಿಕೊಂಡ ಮೂರು ಮೀಟರ್ ಮತ್ತೆ ಪಾರ್ಕಿಂಗಿಗೇ ಹೋಗುತ್ತದೆ ಎಂಬ ಆತಂಕ ವ್ಯಕ್ತಪಡಿಸಿದವರ ಮಾತು ನನಗೆ ಸರಿಯೆನಿಸುತ್ತದೆ.

ಇದಕ್ಕೂ ಎರಡು ವರ್ಷ ಮುಂಚೆ ಪುಣೆಗೆ ಒಂದು ಒಳ್ಳೆಯ ಅವಕಾಶ ಒದಗಿಬಂದಿತ್ತು. 2018ರ ಮಾರ್ಚ್‌ನಲ್ಲಿ ಪಾಲಿಕೆಯ ಮುಂದೆ ಪಾರ್ಕಿಂಗ್ ನೀತಿ ಬಂತು. ರಸ್ತೆಯಲ್ಲಿ ಗಾಡಿ ನಿಲ್ಲಿಸುವವರು ಜಾಗಕ್ಕೆ ಹಣ ಕೊಡಬೇಕು, ವಸತಿ ರಸ್ತೆಗಳಲ್ಲಿ ರಾತ್ರಿ ನಿಲ್ಲಿಸುವುದಕ್ಕೂ ಶುಲ್ಕ ಎಂಬುದು ಮೂಲ ಕರಡಿನಲ್ಲಿತ್ತು. ‘ಪರಿಸರ್’ನಂಥ ಸ್ಥಳೀಯ ಸಂಸ್ಥೆಗಳು ಬೆಂಬಲಿಸಿದವು. ವಿರೋಧ ಎಷ್ಟು ಜೋರಾಗಿತ್ತೆಂದರೆ, ಕೊನೆಗೆ ಸಾಮಾನ್ಯ ಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಪ್ರಾಯೋಗಿಕವಾಗಿ ಐದು ರಸ್ತೆಗಳಲ್ಲಿ ಮಾತ್ರ ಎಂಬ ಷರತ್ತಿನೊಂದಿಗೆ. ಅದೂ ಕಾಗದದಲ್ಲೇ ಉಳಿಯಿತು. 2022ರ ಮಾರ್ಚ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲೇ ಪಾಲಿಕೆ ಇದ್ದುದರಿಂದ, ಓಣಿಯ ಜನ ಹೋಗಿ ಕೇಳೋಣವೆಂದರೆ ತಮ್ಮ ನಗರಸೇವಕರೇ ಇರಲಿಲ್ಲ. 2018ರಲ್ಲಿ ಶುಲ್ಕ ಬೇಡವೆಂದು ಬೀದಿಗಿಳಿದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಒಂದು ಕಾರು ನಿಲ್ಲಲು ಸುಮಾರು ಹನ್ನೆರಡು ಚದರ ಮೀಟರ್ ನೆಲ ಬೇಕು. ಪುಣೆಯಲ್ಲಿ ಅಷ್ಟು ನೆಲದ ಕೋಣೆ ಬಾಡಿಗೆಗೆ ಬೇಕೆಂದರೆ ಎಷ್ಟು ಕೊಡಬೇಕೆಂದು ಹಿಂಜವಡಿಗೆ ಕೆಲಸಕ್ಕೆ ಬಂದ ವಿಜಯಪುರದ, ಕಲಬುರಗಿಯ ಹುಡುಗರನ್ನು ಕೇಳಿ ನೋಡಿ. ಮನುಷ್ಯ ಮಲಗಲು ಬಾಡಿಗೆ ಕೊಡುವ ಊರಿನಲ್ಲಿ ಕಾರು ಮಾತ್ರ ಪುಕ್ಕಟೆ ಮಲಗುತ್ತದೆ.

ನೀತಿ ಬರುವವರೆಗೆ ಸುಮ್ಮನೆ ಕೂರುವಂತಿಲ್ಲ. ಬೆಳಿಗ್ಗೆ ಗೇಟು ತೆರೆಯಲೇಬೇಕು.

ನಮ್ಮ ಓಣಿಯಲ್ಲಿ ಧಾರವಾಡದ ಕಡೆಯ ಕಾಕೂ ಒಬ್ಬರಿದ್ದಾರೆ. ಅವರ ಯಜಮಾನರು ವ್ಹೀಲ್‌ಚೇರ್ ಮೇಲಿರುವವರು. ಎದುರು ಬಿಲ್ಡಿಂಗಿಗೆ ಬಾಡಿಗೆಗೆ ಬಂದ ಇಂಡಿ ಕಡೆಯ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು, ಸಿಕ್ಕಲ್ಲಿ ಕಾರು ನಿಲ್ಲಿಸಿ ಮಲಗಿಬಿಡುತ್ತಿದ್ದ. ಬೆಳಿಗ್ಗೆ ಗಾಲಿಕುರ್ಚಿ ಹೊರಗೆ ಬರಲು ಜಾಗವಿರುತ್ತಿರಲಿಲ್ಲ. ಅವನನ್ನು ನಿದ್ದೆಯಿಂದ ಎಬ್ಬಿಸಿ, ಓಣಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡುವ ಹಾಗೆ ಕೂಗಾಡಿದ್ದೂ ಆಯಿತು, ಅದರಿಂದ ಏನೂ ಆಗಲಿಲ್ಲ. ಕಾಕೂ ಒಂದು ಸಂಜೆ, ಅವನು ಕೆಲಸಕ್ಕೆ ಹೊರಡುವ ಮೊದಲು, ಅವನ ಮನೆಗೇ ಹೋದರು.

“ತಮ್ಮಾ, ರಸ್ತಾ ನಂದಲ್ಲ, ನೀ ಗಾಡಿ ಹಚ್ಚಬ್ಯಾಡ ಅನ್ನಾಕ ನನಗ ಹಕ್ಕಿಲ್ಲ. ಗೇಟಿನ ಮುಂದ ಮಾತ್ರ ಬಿಡಬೇಕು. ನಮ್ಮನಿಯವರ ಕುರ್ಚಿ ಹೊರಗ ಬರಾಕ ನಾಕ ಫೂಟ್ ಸಾಕು.”

“ಕಾಕೂ, ನನಗ ಕುರ್ಚಿ ಇರೂದ ಗೊತ್ತಿರ್ಲಿಲ್ರೀ.”

“ಗೊತ್ತಾಗ್ಲಿ ಅಂತನ ಬಂದೇನಿ. ಫೋನ್ ನಂಬರ್ ಒಂದು ಬರದು ಗಾಡಿ ಕಾಚಿನ ಒಳಗ ಇಟ್ಟಬಿಡು. ಅವಸರ ಬಿತ್ತಂದ್ರ ಎಬ್ಬಸ್ತೇವಿ, ಬೈಯೂದಿಲ್ಲ.”

ಈ ಮಾತುಕತೆಯಲ್ಲಿ ಮೇಲೆ ಹೇಳಿದ ಎರಡು ದೂರುಗಳೂ ಬೇರೆ ಬೇರೆಯಾಗಿ ಬಿಡಿಸಿಕೊಂಡಿವೆ. ಕಾಕೂ ತಮ್ಮದಲ್ಲದ್ದನ್ನು ಕೇಳಲಿಲ್ಲ, ತಮ್ಮದಾದ ನಾಲ್ಕು ಅಡಿಯನ್ನು ಬಿಟ್ಟುಕೊಡಲೂ ಇಲ್ಲ. ಗಾಡಿ ಅಡ್ಡ ನಿಂತಿರುವ ಗಳಿಗೆಯಲ್ಲಿ ಇಬ್ಬರಿಗೂ ಅವಸರ, ಇಬ್ಬರಿಗೂ ಮಾನದ ಪ್ರಶ್ನೆ. ಆ ಹೊತ್ತಿನಲ್ಲಿ ಆಡಿದ ಮಾತು ಉಳಿಯುವುದಿಲ್ಲ, ಗಾಯ ಮಾತ್ರ ಉಳಿಯುತ್ತದೆ. ಗಾಜಿನೊಳಗೆ ಇಟ್ಟ ಫೋನ್ ನಂಬರು ಸಣ್ಣ ವಿಷಯವೆನಿಸಬಹುದು. ನಮ್ಮ ಓಣಿಯಲ್ಲಿ ಅರ್ಧ ಜಗಳ ಕಡಿಮೆ ಮಾಡಿದ್ದು ಅದೇ.

ಎಲ್ಲರೂ ಆ ಹುಡುಗನ ಹಾಗೆ ಇರುವುದಿಲ್ಲ. ಮಾತಿಗೆ ಬಗ್ಗದವರಿದ್ದರೆ ಮುಂದಿನ ದಾರಿ ಅವರ ಸೊಸೈಟಿ. ಓಣಿಯಲ್ಲಿ ನಿಲ್ಲುವ ಕಾರುಗಳ ಮೂಲ ಹುಡುಕಿದರೆ ಎಷ್ಟೋ ಸಲ ಪಕ್ಕದ ಬಿಲ್ಡಿಂಗಿನ ಸ್ಟಿಲ್ಟ್‌ಗೇ, ಅಂದರೆ ಕೆಳಗಿನ ಕಂಬಗಳ ನಡುವಿನ ಪಾರ್ಕಿಂಗ್ ಜಾಗಕ್ಕೇ, ಹೋಗಿ ಮುಟ್ಟುತ್ತೇವೆ. ಅಲ್ಲಿ ಒಬ್ಬರು ಎರಡು ಜಾಗ ಹಿಡಿದಿರುತ್ತಾರೆ, ಒಬ್ಬರು ಜಾಗದಲ್ಲಿ ಹಳೆಯ ಸೋಫಾ ತುಂಬಿರುತ್ತಾರೆ, ಉಳಿದವರು ರಸ್ತೆಗೆ ಬರುತ್ತಾರೆ. ಮಹಾರಾಷ್ಟ್ರದ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಒಬ್ಬ ಸದಸ್ಯರಿಗೆ ಸಾಮಾನ್ಯವಾಗಿ ಒಂದೇ ಜಾಗ, ಜಾಗ ಸಾಲದಿದ್ದರೆ ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚಬೇಕು. ಬಿಲ್ಡರಿಗೆ ಹಣ ಕೊಟ್ಟು ಪಾರ್ಕಿಂಗ್ ಕೊಂಡಿದ್ದೇನೆ ಎಂಬ ವಾದಕ್ಕೂ ಉತ್ತರವಿದೆ. ಮುಂಬೈಯ ಪಾಂಚಾಲಿ ಸೊಸೈಟಿಯ ಪ್ರಕರಣದಲ್ಲಿ 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್, ಸ್ಟಿಲ್ಟ್ ಮತ್ತು ತೆರೆದ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ್ದು ಎಂದು ಹೇಳಿತು. 2021ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ನಿಲ್ಲಿಸಲು ಜಾಗವಿಲ್ಲದೆ ಒಂದು ಫ್ಲ್ಯಾಟಿನ ಕುಟುಂಬಕ್ಕೆ ನಾಲ್ಕೈದು ಗಾಡಿ ಇಟ್ಟುಕೊಳ್ಳಲು ಬಿಡಬಾರದು ಎಂಬ ಅಭಿಪ್ರಾಯ ವ್ಯಕ್ತಪಡಿಸಿತು.

ಜಪಾನ್ ಈ ಕೆಲಸವನ್ನು 1962ರಲ್ಲೇ ಮಾಡಿ ಮುಗಿಸಿದೆ. ಅಲ್ಲಿ ಕಾರು ನೋಂದಾಯಿಸಲು ಮನೆಯ ಹತ್ತಿರ ನಿಲ್ಲಿಸುವ ಜಾಗವಿದೆ ಎಂದು ಪೊಲೀಸರ ಪ್ರಮಾಣಪತ್ರ ತರಬೇಕು, ರಾತ್ರಿಯೆಲ್ಲ ರಸ್ತೆಯಲ್ಲಿ ಬಿಡುವಂತಿಲ್ಲ. ಬೆಂಗಳೂರಿಗೆ 2021ರಲ್ಲಿ ಒಪ್ಪಿಗೆಯಾದ ಪಾರ್ಕಿಂಗ್ ನೀತಿಯಲ್ಲಿ ವಸತಿ ರಸ್ತೆಗೆ ವಾರ್ಷಿಕ ಪರವಾನಗಿ ಇದೆ, ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000ದವರೆಗೆ. ಮಹಾರಾಷ್ಟ್ರದ ಸಾರಿಗೆ ಸಚಿವರೂ 2025ರ ಮೇ ತಿಂಗಳಲ್ಲಿ ಜಾಗದ ಪ್ರಮಾಣಪತ್ರವಿಲ್ಲದೆ ಹೊಸ ಗಾಡಿ ನೋಂದಣಿ ಇಲ್ಲವೆಂಬ ಮಾತಾಡಿದರು. ಅದು ಪುಣೆಯ ಓಣಿಗೆ ಬೇಗ ಬರಲಿ ಎಂದು ಮನಸಾರೆ ಬಯಸುತ್ತೇನೆ.

ಕೊನೆಯದು ಪೊಲೀಸರ ದಾರಿ. ಟೋವಿಂಗ್ ಗಾಡಿ ಎಂದರೆ ಪುಣೆಯ ಜನಕ್ಕೆ ಕೋಪ, ಅದಕ್ಕೆ ಕಾರಣವೂ ಇದೆ. 2021ರ ಆಗಸ್ಟ್‌ನಲ್ಲಿ ನಾನಾ ಪೇಠ್‌ನಲ್ಲಿ ಸವಾರ ಕೂತಿರುವಾಗಲೇ ಬೈಕನ್ನು ಕ್ರೇನ್ ಮೇಲಕ್ಕೆತ್ತಿದ ವಿಡಿಯೋ ದೇಶವೆಲ್ಲ ನೋಡಿತು. ಮುಖ್ಯರಸ್ತೆಯ ಬೈಕು ಎತ್ತಲು ಇರುವ ಉತ್ಸಾಹ ಒಳ ಓಣಿಯ ಗೇಟು ಬಿಡಿಸಲು ಕಾಣುವುದಿಲ್ಲ. ಒಬ್ಬರೇ ಫೋನ್ ಮಾಡಿದರೆ ನೆರೆಹೊರೆಯ ಜಗಳವೆಂದು ತಳ್ಳಿಹಾಕುತ್ತಾರೆ. ಓಣಿಯೇ ಸೇರಿ ಲಿಖಿತವಾಗಿ ಕೇಳಿದರೆ ಹಾಗೆ ಮಾಡುವುದು ಕಷ್ಟ. ಕೇಳಬೇಕಾದ್ದು ಹೊಸದೇನಲ್ಲ. ಪುಣೆಯ ಪೇಠ್‌ಗಳಲ್ಲಿ ‘ಪಿ1’, ‘ಪಿ2’ ಫಲಕಗಳು ಹಿಂದಿನಿಂದಲೂ ಇವೆ: ಬೆಸ ತಾರೀಖಿಗೆ ಒಂದು ಬದಿ, ಸಮ ತಾರೀಖಿಗೆ ಇನ್ನೊಂದು. ಒಳರಸ್ತೆಗಳಿಗೂ ಅದನ್ನು ತಂದರೆ ಆರು ಮೀಟರಿನಲ್ಲಿ ನಾಲ್ಕು ಮೀಟರ್ ಯಾವಾಗಲೂ ತೆರೆದಿರುತ್ತದೆ, ಅಗ್ನಿಶಾಮಕ ಗಾಡಿಯೂ ಒಳಗೆ ಬರುತ್ತದೆ.

ನಮ್ಮ ಓಣಿಯವರು ಈಗ ಅಂಥದ್ದೊಂದು ಅರ್ಜಿ ಬರೆದಿದ್ದಾರೆ. ಪಿ1-ಪಿ2 ಫಲಕ ಬೇಕು, ಪ್ರತಿ ಗೇಟಿನ ಮುಂದೆ ಮತ್ತು ಓಣಿಯ ತಿರುವಿನಲ್ಲಿ ಹಳದಿ ಪಟ್ಟಿ ಬಳಿಯಬೇಕು ಎಂದಿದೆ. ಕುಂಡಗಳನ್ನು ನಾವೇ ತೆಗೆಯುತ್ತೇವೆ ಎಂಬ ಸಾಲನ್ನು ಸೇರಿಸಿದ್ದು ಕಾಕೂ. ಇಂಡಿಯ ಹುಡುಗ ಸಹಿ ಹಾಕಿದ್ದಾನೆ. ಮೂರು ಕಾರಿರುವ ಒಂದು ಮನೆಯವರು ಮಾತ್ರ ನೋಡೋಣ ಎಂದಿದ್ದಾರೆ, ಭಾನುವಾರ ಕಾಕೂ ಅವರಲ್ಲಿಗೂ ಹೋಗುವವರಿದ್ದಾರೆ.