ಉಳಿದ ನೂಲನ್ನು ಎಸೆಯದಿರೋಣ

ಹೊಲಿಗೆ ಪೆಟ್ಟಿಗೆಯ ಮೂಲೆಯಲ್ಲಿ, ಕಪಾಟಿನ ಕೆಳಗೆ, ಹಳೆಯ ಬಿಸ್ಕತ್ ಡಬ್ಬಿಯೊಳಗೆ ನೂಲಿನ ಚಿಕ್ಕಪುಟ್ಟ ಉಂಡೆಗಳು ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಮಗುವಿನ ಟೊಪ್ಪಿ ಹೆಣೆದು ಉಳಿದದ್ದು, ಮೇಜಿನ ಹೊದಿಕೆಗೆ ಲೇಸ್ ಹಾಕಿ ಉಳಿದದ್ದು, ಅರ್ಧಕ್ಕೇ ನಿಂತ ಸ್ವೆಟರಿನದ್ದು. ಎಸೆಯಲು ಮನಸ್ಸು ಬಾರದು. ಇಟ್ಟುಕೊಂಡರೆ ಪುನಃ ಒಂದು ಸ್ವೆಟರಿಗೆ ಸಾಲದು. ಕೊನೆಗೆ ಮನೆ ಬದಲಾಯಿಸುವಾಗಲೋ ಹಬ್ಬದ ಮುಂಚೆ ಮನೆ ಸ್ವಚ್ಛ ಮಾಡುವಾಗಲೋ ಅದು ಕಸದ ಬುಟ್ಟಿ ಸೇರುತ್ತದೆ. ಕಸದಿಂದ ರಸ ಎಂಬ ಮಾತನ್ನು ಎಲ್ಲರೂ ಬಲ್ಲೆವು. ಆದರೆ ಅದನ್ನು ಮಾಡಿ ತೋರಿಸುವುದು ಹೇಗೆ?

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಆನಂದಪುರದಂತಹ ಮಲೆನಾಡಿನ ಊರುಗಳಲ್ಲಿ ಮಳೆಗಾಲದ ಸಂಜೆಗಳು ದೀರ್ಘ. ಅಂತಹ ಸಂಜೆಗಳಿಗೆ ಹೊಂದುವ ಕೆಲಸವಿದು. ನೂಲಿನ ಬೆಲೆ ಅರಿಯಲು ಅಲ್ಲಿಂದ ದೂರ ಹೋಗಬೇಕಾಗಿಯೂ ಇಲ್ಲ.

ಮಗ್ಗದಲ್ಲಿಯೂ ನೂಲು ಉಳಿಯುತ್ತದೆ

ಅದೇ ಸಾಗರ ತಾಲೂಕಿನ ಹೆಗ್ಗೋಡು, 1949ರಲ್ಲಿ ಆರಂಭವಾದ ನೀನಾಸಮ್ ನಾಟಕ ಸಂಸ್ಥೆಯಿಂದ ಹೆಸರಾದ ಊರು. ಅದರ ಪಕ್ಕದ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರು ಸ್ಥಳೀಯ ಮಹಿಳೆಯರನ್ನು ಸೇರಿಸಿ 'ಚರಕ' ಎಂಬ ಮಹಿಳಾ ಸಹಕಾರ ಸಂಘವನ್ನು ಕಟ್ಟಿದರು. ನೇಯ್ಗೆಯ ಪರಂಪರೆಯಿಲ್ಲದ ಮನೆಗಳ ಹೆಣ್ಣುಮಕ್ಕಳು ಅಲ್ಲಿ ಮಗ್ಗ ಕಲಿತರು, ಅಡಿಕೆ ಬೇಯಿಸಿದ ಚೊಗರಿನಂತಹ ನೈಸರ್ಗಿಕ ಬಣ್ಣಗಳಲ್ಲಿ ನೂಲನ್ನು ಅದ್ದಿದರು. ಅಲ್ಲಿಯ ಬಟ್ಟೆಗಳು 'ದೇಸಿ' ಅಂಗಡಿಗಳ ಮೂಲಕ ನಗರಗಳನ್ನು ತಲುಪಿದವು.

ಯಾವುದೇ ಕೈಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲಿನ ಕೊನೆಯ ತುದಿಯನ್ನು ನೇಯಲು ಸಾಧ್ಯವಿಲ್ಲ. ಅದು ಮಗ್ಗದ ಭಾಗಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಪ್ರತಿ ಸಲ ಹಾಸು ಮುಗಿದಾಗ ತೋಳುದ್ದದ ಎಳೆಗಳ ಒಂದು ಕಟ್ಟು ಕತ್ತರಿಸಿ ತೆಗೆಯಬೇಕಾಗುತ್ತದೆ. ಒಳ್ಳೆಯ ಹತ್ತಿಯ, ಬಣ್ಣ ಹಾಕಿದ ನೂಲೇ ಅದು, ಗಿಡ್ಡ, ಅಷ್ಟೇ. ನಿಮ್ಮ ಊರಿನ ಹತ್ತಿರ ಮಗ್ಗವಿದ್ದರೆ ಇಂತಹ ನೂಲನ್ನು ಕೇಳಿ ನೋಡಬಹುದು.

ಮೊದಲು ನೂಲಿನ ಗುರುತು

ಅಂಗಡಿಯಲ್ಲಿ 'ಉಲ್ಲನ್' ಎಂದು ಕೊಡುವ ಹೆಚ್ಚಿನ ದಾರ ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಅಂದರೆ ಪ್ಲಾಸ್ಟಿಕ್ ಜಾತಿಯದು. ಇದನ್ನು ತಿಳಿಯದೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೆಣೆದರೆ ಅದು ಕರಗಿ ಪಾತ್ರೆಗೂ ಕೈಗೂ ಅಂಟುವ ಅಪಾಯವಿದೆ. ಆದ್ದರಿಂದ ಪರೀಕ್ಷೆ ಮಾಡಿಯೇ ಆರಂಭಿಸೋಣ. ಒಂದು ತುಂಡು ಎಳೆಯನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಉರಿಗೆ ತೋರಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಮಕ್ಕಳನ್ನು ಈ ಕೆಲಸದಿಂದ ದೂರವಿಡಿ.

ಹತ್ತಿಯ ನೂಲನ್ನು ಅಡುಗೆಮನೆಗೂ ಕಾಲೊರಸಿಗೂ, ಅಕ್ರಿಲಿಕನ್ನು ತೋರಣ, ಗೊಂಬೆ, ಹೊದಿಕೆಗೂ ಬೇರೆ ಬೇರೆ ಇಡಿ. ಬಣ್ಣದ ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ನೂಲನ್ನು ತಿಳಿ ಬಣ್ಣದವುಗಳ ಜೊತೆ ಸೇರಿಸಬೇಡಿ.

ಏನೇನು ಮಾಡಬಹುದು?

ಕಾಲೊರಸು: ಹತ್ತಿಯ ಎಳೆಗಳನ್ನು ಮೂರು ಕಟ್ಟು ಮಾಡಿ ಜಡೆಯಂತೆ ಹೆಣೆಯಿರಿ. ಎಳೆ ಮುಗಿಯುತ್ತಾ ಬಂದಂತೆ ಹೊಸ ಎಳೆಗಳನ್ನು ಸೇರಿಸುತ್ತಾ ಹೋಗಿ. ಎಲ್ಲವನ್ನೂ ಒಂದೇ ಕಡೆ ಸೇರಿಸಿದರೆ ಅಲ್ಲಿ ಗಂಟು ಬೀಳುತ್ತದೆ. ಜಡೆಯನ್ನು ನೆಲದ ಮೇಲೆ ಚಕ್ರದಂತೆ ಸುತ್ತಿ, ಸುತ್ತು ಸುತ್ತಿಗೂ ಗಟ್ಟಿ ದಾರದಿಂದ ಹೊಲಿಯಿರಿ. ಬಿಗಿ ಹೆಚ್ಚಾದರೆ ಬಟ್ಟಲಿನಂತೆ ಮೇಲೇಳುತ್ತದೆ, ಸಡಿಲವಾದರೆ ಅಂಚು ಅಲೆಯಾಗುತ್ತದೆ. ಜಡೆ ಒಂದು ಅಂಗುಲ ಅಗಲವಿದ್ದರೆ ಒಂದೂವರೆ ಅಡಿ ಅಡ್ಡಳತೆಯ ಕಾಲೊರಸಿಗೆ ಸುಮಾರು 21 ಅಡಿ ಜಡೆ ಬೇಕು. ಮಳೆಗಾಲದಲ್ಲಿ ಹತ್ತಿ ಬೇಗ ಒಣಗದೆ ಬೂಸ್ಟು ಹಿಡಿಯುವುದರಿಂದ ಬಾಗಿಲಿಗೆ ಎರಡಿದ್ದರೆ ಒಳ್ಳೆಯದು. ಒಂದು ಒಣಗುವಾಗ ಇನ್ನೊಂದು.

ಸಿಂಬೆ: ಬಿಸಿ ಪಾತ್ರೆ ಇಡಲು ಹುಲ್ಲಿನ ಅಥವಾ ಬಟ್ಟೆಯ ಸಿಂಬೆ ಮಾಡುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಅದೇ ಜಡೆಯನ್ನು ಪಾತ್ರೆಯ ತಳದ ಅಳತೆಗೆ ಬಳೆಯಂತೆ ಸುತ್ತಿ, ಮೇಲೆ ಹತ್ತಿಯ ನೂಲನ್ನು ಒತ್ತಾಗಿ ಸುತ್ತಿದರಾಯಿತು.

ಬಾಗಿಲ ತೋರಣ: ಅಕ್ರಿಲಿಕ್ ದಾರವನ್ನು ನಾಲ್ಕು ಬೆರಳಿಗೆ 80ರಿಂದ 100 ಸುತ್ತು ಸುತ್ತಿ, ನಡುವೆ ಬಿಗಿಯಾಗಿ ಕಟ್ಟಿ, ಎರಡೂ ಬದಿ ಕತ್ತರಿಸಿ ದುಂಡಗೆ ಸವರಿದರೆ ಚೆಂಡು ಸಿದ್ಧ. ಇಂತಹವನ್ನು ದಾರದಲ್ಲಿ ಪೋಣಿಸಿ. ಮಕ್ಕಳು ಬೇಗ ಕಲಿಯುವ ಕೆಲಸವಿದು. ತೀರಾ ಚಿಕ್ಕ ಮಗುವಿನ ಕೈಗೆ ಮಾತ್ರ ಕೊಡಬೇಡಿ, ಎಳೆ ಕಿತ್ತು ಬಾಯಿಗೆ ಹಾಕಿಕೊಳ್ಳಬಹುದು.

ಹೊದಿಕೆ: ಕ್ರೋಶಾ ಬಲ್ಲವರು ಉಳಿದ ದಾರದಿಂದ 4 ಅಂಗುಲದ ಚೌಕಗಳನ್ನು ಹಾಕಲಿ. ಒಳಗಿನ ಬಣ್ಣ ಯಾವುದೂ ಇರಲಿ, ಕೊನೆಯ ಸುತ್ತು ಮಾತ್ರ ಎಲ್ಲದಕ್ಕೂ ಒಂದೇ ಬಣ್ಣವಾಗಿರಲಿ. ಆಗ ಚೂರುಪಾರು ಎಂದು ತೋರುವುದಿಲ್ಲ. 3 ಅಡಿಗೆ 4 ಅಡಿಯ ಹೊದಿಕೆಗೆ 108 ಚೌಕ ಬೇಕು. ಒಬ್ಬರಿಗೆ ಇದು ಹೊರೆ. ಆದರೆ ಮಹಿಳಾ ಸಂಘದ 12 ಮಂದಿ ಹಂಚಿಕೊಂಡರೆ ತಲಾ 9 ಮಾತ್ರ! ಹಾಸಿಗೆ ಹಿಡಿದ ನೆರೆಮನೆಯ ಅಜ್ಜಿಗೋ ಹೊಸ ಕೂಸಿಗೋ ಅದನ್ನು ಕೊಟ್ಟರೆ ಹನ್ನೆರಡು ಮನೆಗಳ ಕೈ ಅದರಲ್ಲಿರುತ್ತದೆ.

ಬೆಲೆ ಕಟ್ಟುವ ಮಾತು

ಮಾರಾಟಕ್ಕೆ ಹೊರಟಾಗ ನಾವು ಎಡವುವುದು ಬೆಲೆಯಲ್ಲಿ. 'ನೂಲು ಪುಕ್ಕಟೆ ತಾನೇ' ಎಂದು ಕಡಿಮೆ ಬೆಲೆಗೆ ಕೊಟ್ಟುಬಿಡುತ್ತೇವೆ. ಆರು ಗಂಟೆ ಕುಳಿತು ಮಾಡಿದ ಕಾಲೊರಸನ್ನು 60 ರೂಪಾಯಿಗೆ ಕೊಟ್ಟರೆ ಗಂಟೆಗೆ ಸಿಕ್ಕಿದ್ದು 10 ರೂಪಾಯಿ. ಪುಕ್ಕಟೆಯಾದದ್ದು ನೂಲು ಮಾತ್ರ, ತಾಯಂದಿರ ಬೆನ್ನು ನೋವಲ್ಲ. ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ. ಆ ಹೊತ್ತಿಗೆ ನಿಮ್ಮೂರಿನ ಕೂಲಿ ಎಷ್ಟೋ ಅದನ್ನು ಮುಂದಿಟ್ಟುಕೊಂಡು ಬೆಲೆ ಹೇಳಿ. ಆ ಬೆಲೆಗೆ ಹೋಗದ ವಸ್ತುವನ್ನು ಮನೆ ಬಳಕೆಗೆ, ಉಡುಗೊರೆಗೆ ಮಾತ್ರ ಮಾಡುವುದು ಲೇಸು.

ಕೈ ಕೆಲಸಕ್ಕೆ ಬೆಲೆ ಸಿಗುವುದು ಸುಲಭವಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಅವರು ಉಪವಾಸ ಕುಳಿತರು. 2020ರಲ್ಲಿ ಕೊರೊನಾ ಕಾಲದಲ್ಲಿ ಸಿದ್ಧ ಬಟ್ಟೆ ಮಾರಾಟವಾಗದೆ ಚರಕವೇ ತೀವ್ರ ಆರ್ಥಿಕ ಸಂಕಟಕ್ಕೆ ಸಿಲುಕಿತು. ಅಷ್ಟು ವರ್ಷಗಳ ಅನುಭವವಿದ್ದ ಸಂಘಕ್ಕೇ ಹೀಗಾದರೆ ನಮ್ಮ ಸಣ್ಣ ಗುಂಪುಗಳು ಎಚ್ಚರದಿಂದಿರಬೇಕು. ರಾಶಿ ಹಾಕಿ ಆಮೇಲೆ ಕೊಳ್ಳುವವರನ್ನು ಹುಡುಕುವುದಕ್ಕಿಂತ ಎರಡು ಮಾದರಿ ಮಾಡಿ ತೋರಿಸಿ, ಬೇಡಿಕೆ ಬಂದಷ್ಟೇ ಮಾಡೋಣ. ಸಾಲ ಮಾಡಿ ಹೊಸ ನೂಲು ಕೊಳ್ಳುವುದಂತೂ ಬೇಡ. ಆಗ ಅದು ಉಳಿದ ನೂಲಿನ ಕೆಲಸವೇ ಅಲ್ಲ.

ಹನಿ ಹನಿ ಕೂಡಿದರೆ ಹಳ್ಳ. ಈ ವಾರ ಮನೆಯ ಡಬ್ಬಿಯನ್ನೊಮ್ಮೆ ತೆರೆದು ನೋಡಿ, ನೂಲನ್ನು ವಿಂಗಡಿಸಿ. ನಿಮಗೆ ಬೇಡವಾದರೆ ಹೆಣೆಯಲು ಬಲ್ಲ ನೆರೆಯವರಿಗೆ ಕೊಡಿ. ಡಬ್ಬಿಯಲ್ಲಿ ಮಲಗಿದ್ದ ನೂಲು ಯಾರದೋ ಬಾಗಿಲಲ್ಲಿ, ಯಾರದೋ ಮೈಮೇಲೆ ಉಪಯೋಗಕ್ಕೆ ಬರಲಿ.