ಉರಿಯುವ ಬಲ್ಬು ಹೇಳುವ ಸುಳ್ಳು

ಹುಬ್ಬಳ್ಳಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿ ಗದಗವನ್ನು ಹಾದು ಹೋಗುತ್ತದೆ. ಹಿಂದೆ 63 ಎನಿಸಿಕೊಂಡಿದ್ದ, ಈಗ 67 ಎಂಬ ಸಂಖ್ಯೆ ಹೊತ್ತಿರುವ ಈ ರಸ್ತೆ ಅಂಕೋಲೆಯ ಕಡಲನ್ನು ಬಳ್ಳಾರಿಯ ಗಣಿಸೀಮೆಗೆ ಜೋಡಿಸುವ ದಾರಿಯ ಒಂದು ಭಾಗ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವ ಮೊದಲಿನ ವರ್ಷಗಳಲ್ಲಿ ಅದಿರಿನ ಲಾರಿಗಳು ಈ ದಾರಿಯಲ್ಲಿ ಕರಾವಳಿಯ ಬಂದರುಗಳತ್ತ ಸಾಲುಗಟ್ಟಿದ್ದವು. ಅದಿರಿನ ಭರಾಟೆ ಇಳಿದರೂ ಮೆಣಸಿನಕಾಯಿ, ಉಳ್ಳಾಗಡ್ಡಿ, ಶೇಂಗಾ, ಹತ್ತಿ ಹೊತ್ತ ಗಾಡಿಗಳಿಗೆ ಕೊರತೆಯಿಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎರೆ ಹೊಲಗಳ ಫಸಲು ಪೇಟೆ ಕಾಣುವುದು ಲಾರಿಯ ಮೇಲೆಯೇ. ಇಂಥ ದಾರಿಯಲ್ಲಿ ಗಾಡಿ ನಿಂತು, ಎಷ್ಟು ಕೀಲಿ ತಿರುವಿದರೂ ಎಂಜಿನ್ ಹಿಡಿಯದಿದ್ದಾಗ ಕೇಳಿಬರುವ ತೀರ್ಪು ಒಂದೇ: ‘ಪಂಪ್ ಹೋಗೈತಿ.’ ಈ ತೀರ್ಪನ್ನು ವಿಚಾರಣೆಯಿಲ್ಲದೆ ಒಪ್ಪದಿರುವುದೇ ಲಾರಿಯ ವೈರಿಂಗ್ ಕೆಲಸಗಾರನ ಕಸುಬು. ತಂತಿಗೆ ತಂತಿ ಸುತ್ತುವುದು ಅದರ ಹೊರಮೈ ಮಾತ್ರ. ಒಳಗಿರುವುದು ಪುರಾವೆ ಕೂಡಿಸುವ ವಿದ್ಯೆ.

ಪಂಪಿನ ಮೇಲೆ ಅನುಮಾನ ಮೊದಲು ಬೀಳುವುದಕ್ಕೆ ಕಾರಣವಿದೆ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಬೇಡ. ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಳೆಯ ಲಾರಿಗಳ ಇಂಧನ ಪಂಪು ಪೂರ್ತಿ ಯಾಂತ್ರಿಕವಾದದ್ದು. 1951ರಲ್ಲಿ ಹುಟ್ಟಿ ಈಗ ಬಾಷ್ ಆಗಿರುವ ಮೈಕೋ ಕಂಪನಿಯ ಹೆಸರು ಡ್ರೈವರುಗಳ ಬಾಯಲ್ಲಿ ಪಂಪಿಗೇ ಪರ್ಯಾಯವಾಗಿತ್ತು. ಎಂಜಿನ್ ನಿಲ್ಲಿಸಲು ಆಗ ಕ್ಯಾಬಿನ್ನಿನಿಂದ ಎಳೆಯುವ ಕೇಬಲ್ ಇರುತ್ತಿತ್ತು. ಆ ಜಾಗಕ್ಕೆ ಸೊಲೆನಾಯ್ಡ್, ಅಂದರೆ ಕರೆಂಟ್ ಹರಿದಾಗ ಕಡ್ಡಿಯನ್ನು ಒಳಗೆಳೆಯುವ ಸುರುಳಿ, ಬಂದದ್ದೇ ತಡ, ಯಾಂತ್ರಿಕ ಪಂಪಿನ ಪ್ರಾಣ ಒಂದು ತಂತಿಯ ತುದಿಗೆ ಬಂತು. ಇದರಲ್ಲೂ ಎರಡು ಜಾತಿ. ಒಂದಕ್ಕೆ ಕರೆಂಟ್ ಇದ್ದರಷ್ಟೇ ಎಂಜಿನ್ ಓಡುತ್ತದೆ. ಇನ್ನೊಂದಕ್ಕೆ ಕರೆಂಟ್ ಕೊಟ್ಟರೆ ಎಂಜಿನ್ ನಿಲ್ಲುತ್ತದೆ. ತಂತಿ ತುಂಡಾದರೆ ಮೊದಲಿನದು ಹೊರಡುವುದಿಲ್ಲ, ಎರಡನೆಯದು ನಿಲ್ಲುವುದಿಲ್ಲ. ಎದುರಿಗಿರುವುದು ಯಾವ ಜಾತಿಯದು ಎಂದು ತಿಳಿಯದೆ ಪಾನಾ ಎತ್ತುವವನು ಅರ್ಧ ಸೋತಂತೆ.

ತೊಡಕು ಶುರುವಾಗುವುದು ತಂತಿ ಪೂರ್ತಿ ತುಂಡಾಗದೆ ಅರೆಜೀವವಾದಾಗ. ಲಾರಿಯದು ಸಾಮಾನ್ಯವಾಗಿ 24 ವೋಲ್ಟ್. 12ರ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಉದಾಹರಣೆಗೆ, ಸೊಲೆನಾಯ್ಡಿನ ಎಳೆಯುವ ಸುರುಳಿಯ ರೋಧ 0.8 ಓಮ್ ಎಂದುಕೊಳ್ಳೋಣ. ದಾರಿ ಸರಿಯಿದ್ದರೆ 30 ಆಂಪಿಯರ್ ಹರಿಯಬೇಕು. ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದು 0.4 ಓಮ್ ಸೇರಿಕೊಂಡಿತು. ಹರಿವು 20 ಆಂಪಿಯರಿಗೆ ಇಳಿಯುತ್ತದೆ. ಎಳೆಯುವ ಬಲ ಹರಿವಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಅರ್ಧಕ್ಕಿಂತ ಕೆಳಗಾಗುತ್ತದೆ. ಕಡ್ಡಿ ಟಕ್ಕೆಂದು ಅಲುಗಿ ಅಲ್ಲೇ ನಿಲ್ಲುತ್ತದೆ. ಈಗ ವೈರನ್ನು ಬಿಚ್ಚಿ ಮೀಟರ್ ಹಿಡಿದರೆ 24 ವೋಲ್ಟೇ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆದುಕೊಳ್ಳುವ ಕರೆಂಟ್ ಲೆಕ್ಕಕ್ಕಿಲ್ಲದಷ್ಟು. 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಎಳೆಯುವುದೂ ಒಂದು ಆಂಪಿಯರಿಗಿಂತ ಕಡಿಮೆ. ಅದಕ್ಕಾಗುವ ನಷ್ಟ ಅರ್ಧ ವೋಲ್ಟನ್ನೂ ಮುಟ್ಟದು. ಬಲ್ಬು ಝಗ್ಗನೆ ಉರಿದು, ವೈರು ಚೆನ್ನಾಗಿದೆ ಎಂದು ಸಾಕ್ಷಿ ನುಡಿಯುತ್ತದೆ. ನಿಜ ಹೊರಬೀಳುವುದು ಬೇರೆ ರೀತಿಯಲ್ಲಿ: ಎಲ್ಲ ಜೋಡಣೆ ಇದ್ದ ಹಾಗೇ ಇರಲಿ, ಮೀಟರಿನ ಒಂದು ಮುಳ್ಳು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಸೊಲೆನಾಯ್ಡಿನ ತುದಿಗೆ ಇಟ್ಟು, ಕೀಲಿ ತಿರುವಬೇಕು. ಕಿಲುಬು ಕದ್ದ 8 ವೋಲ್ಟ್ ಆಗ ಮೀಟರಿನಲ್ಲಿ ಮೂಡುತ್ತದೆ. ಇದೇ ಪರೀಕ್ಷೆಯನ್ನು ಅರ್ಥಿಂಗ್ ಕಡೆಗೂ ಮಾಡಬೇಕು. ಹೋದ ಕರೆಂಟ್ ಮರಳದಿದ್ದರೆ ಹೋದದ್ದೂ ವ್ಯರ್ಥ. ಎತ್ತಿನ ಶಕ್ತಿ ತಿಳಿಯುವುದು ಗೋದಲಿಯಲ್ಲಲ್ಲ, ನೊಗ ಹೂಡಿದಾಗ.

ಅಷ್ಟೆಲ್ಲ ಅಳೆಯುತ್ತ ಕೂರುವುದೇಕೆ, ಹೊಸ ಸೊಲೆನಾಯ್ಡ್ ಹಾಕಿ ಗಾಡಿ ಬಿಡಬಾರದೆ ಎಂದು ಮಾಲೀಕ ಕೇಳಬಹುದು. ನಿಂತ ಲಾರಿ ದುಡಿಯುವುದಿಲ್ಲ, ಉಳ್ಳಾಗಡ್ಡಿ ಕಾಯುವುದಿಲ್ಲ. ಅವನ ಅವಸರ ನ್ಯಾಯವೇ. ಆದರೆ ಎರಡು ಸುರುಳಿಯ ಸೊಲೆನಾಯ್ಡಿನಲ್ಲಿ ಬಲವಾದದ್ದು ಕಡ್ಡಿ ಎಳೆಯುವ ಕ್ಷಣಕ್ಕಷ್ಟೇ ಇರುವುದು. ಕಡ್ಡಿ ಕೊನೆ ಮುಟ್ಟಿದೊಡನೆ ಅದು ಕಡಿತಗೊಂಡು, ಹಿಡಿದಿಡುವ ಸಣ್ಣ ಸುರುಳಿ ಮಾತ್ರ ಉಳಿಯಬೇಕು. ಒಳಸ್ವಿಚ್ಚಿನ ಮೇಲೆ ನಡೆಯುವ ಇಂಥ ಸೊಲೆನಾಯ್ಡಿನ ಕಡ್ಡಿ ಅರ್ಧಕ್ಕೆ ನಿಂತರೆ ದೊಡ್ಡ ಸುರುಳಿ ಕಾಯುತ್ತಲೇ ಇದ್ದು ಸುಟ್ಟುಹೋಗುತ್ತದೆ. ಕಿಲುಬನ್ನು ಉಳಿಸಿ ಹೊಸ ಸೊಲೆನಾಯ್ಡ್ ಹಾಕಿದರೆ ಅದಕ್ಕೂ ಅದೇ ಗತಿ. ಅವಸರದಲ್ಲಿ ಉಳಿಸಿದ ಅರ್ಧ ಗಂಟೆಗೆ ಮುಂದಿನ ಊರಿನಲ್ಲಿ ಬಡ್ಡಿ ಸಮೇತ ಬೆಲೆ ತೆರಬೇಕು.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. ದೇಶದಾದ್ಯಂತ 2017ರಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಎಣ್ಣೆ ಹಂಚುವ ವ್ಯವಸ್ಥೆಯ, ಪಂಪುಗಳು ಸರ್ವೇಸಾಮಾನ್ಯ. ಎಣ್ಣೆ ಎಷ್ಟು, ಯಾವಾಗ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ದೋಷವನ್ನು ಸ್ಕ್ಯಾನರ್ ಓದುತ್ತದೆ. ಇನ್ನು ಈ ಕಸುಬಿಗೆ ಏನು ಕೆಲಸ? ಸ್ಕ್ಯಾನರ್ ಹೇಳುವುದು ದೂರನ್ನು, ಕಾರಣವನ್ನಲ್ಲ. ರೈಲಿನಲ್ಲಿ ಒತ್ತಡ ಕಡಿಮೆ ಎಂಬ ಒಂದೇ ದೂರಿನ ಹಿಂದೆ ಕಟ್ಟಿದ ಫಿಲ್ಟರ್, ಲೈನಿನಲ್ಲಿ ಸೇರಿದ ಗಾಳಿ, ಸವೆದ ಪಂಪು, ಸೋರುವ ಇಂಜೆಕ್ಟರ್, ಕೆಟ್ಟ ವೈರು, ಯಾವುದಾದರೂ ಇರಬಹುದು. ಒತ್ತಡ ಅಳೆಯುವ ಸೆನ್ಸರಿಗೆ ಸಾಮಾನ್ಯವಾಗಿ 5 ವೋಲ್ಟ್ ಕೊಡುತ್ತಾರೆ. ಒತ್ತಡವಿಲ್ಲದಾಗ ಅದು ಸುಮಾರು ಅರ್ಧ ವೋಲ್ಟ್ ಮರಳಿಸುತ್ತದೆ. ಸೆನ್ಸರಿನ ಅರ್ಥ್ ಪಿನ್ನಿಗೆ ಕಿಲುಬು ಹಿಡಿದು ಆ ಅಂಕಿ ಮೇಲಕ್ಕೇರಿದರೆ, ಇಲ್ಲದ ಒತ್ತಡ ಇದೆಯೆಂದು ನಂಬಿ ಕಂಪ್ಯೂಟರ್ ಪಂಪಿನ ಎಣ್ಣೆಯನ್ನೇ ತಗ್ಗಿಸಬಲ್ಲದು. ಪಂಪು ಗಟ್ಟಿಯಾಗಿದ್ದೂ ಬಡಪಾಯಿಯಾಗಿ ಕಾಣುತ್ತದೆ. ಯಂತ್ರ ಬದಲಾಗಿದೆ, ವಿಚಾರಣೆಯ ಕ್ರಮ ಬದಲಾಗಿಲ್ಲ. ಬದಲಾದದ್ದು ಅಪಾಯದ ಪ್ರಮಾಣ: ಲಾರಿ ಟಯರಿನಲ್ಲಿ ಸುಮಾರು 8 ಬಾರ್ ಒತ್ತಡವಿದ್ದರೆ ಈ ರೈಲಿನಲ್ಲಿ 1600 ಬಾರಿನಷ್ಟು ಇರಬಲ್ಲದು. ಹಳೆಯ ರೂಢಿಯಂತೆ ಎಂಜಿನ್ ಓಡುವಾಗಲೇ ಪೈಪಿನ ನಟ್ ಸಡಿಲಿಸಿ ನೋಡಿದರೆ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ.

ಮೂರನೆಯ ಆಕ್ಷೇಪವನ್ನು ಒಪ್ಪಲೇಬೇಕು. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತುವುದು, ಸೊಲೆನಾಯ್ಡಿಗೆ ಬ್ಯಾಟರಿಯಿಂದ ನೇರ ವೈರು ಎಳೆಯುವುದು ಇದೇ ಕಸುಬಿನ ಹೆಸರಿನಲ್ಲಿ ನಡೆಯುವ ಕೆಲಸ. ಹಾಗೆ ಎಳೆದ ಗಾಡಿಯನ್ನು ಕೀಲಿ ನಿಲ್ಲಿಸಲಾರದು. ಅಪಘಾತವಾದಾಗ ಎಣ್ಣೆ ಹರಿಯುತ್ತಲೇ ಇರುತ್ತದೆ. ಇದಕ್ಕೆ ಅರ್ಧ ಕಾರಣ ಕಲಿಕೆಯ ಹಂಚಿಕೆಯಲ್ಲಿದೆ. ಐಟಿಐಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಪಾಠ, ಎಲೆಕ್ಟ್ರಿಷಿಯನ್ ಎರಡು ವರ್ಷದ್ದು. ಒಬ್ಬನ ಪಾಠದ ಒತ್ತು ಎಂಜಿನ್ನಿನ ಮೇಲೆ, ಇನ್ನೊಬ್ಬನದು ಮನೆ, ಕಾರ್ಖಾನೆಗಳ ವಿದ್ಯುತ್ತಿನ ಮೇಲೆ. ಕೀಲಿಯಿಂದ ಪಂಪಿನವರೆಗಿನ ಕೆಲವು ಮೀಟರ್ ವೈರು ಇಬ್ಬರ ಸರಹದ್ದಿನಲ್ಲೂ ಅಂಚಿಗೆ ಬೀಳುತ್ತದೆ. ಗದಗದ ಮಗ್ಗುಲಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿಗೆಂದೇ ಒಂದು ವಿಶ್ವವಿದ್ಯಾಲಯ ಎದ್ದಿದೆ. ಹಳ್ಳಿಯ ಫಸಲನ್ನು ಪೇಟೆ ಮುಟ್ಟಿಸುವ ಗಾಡಿಯ ರಿಪೇರಿಯೂ ಗ್ರಾಮೀಣ ಕೌಶಲವೇ ಎಂದು ಎಣಿಸಿದರೆ ಕಲಿಸಬೇಕಾದದ್ದು ಬಹಳವಿಲ್ಲ. ಸರ್ಕ್ಯೂಟಿನ ನಕ್ಷೆ ಓದುವುದು, ಭಾರ ಹೊತ್ತಾಗ ಅಳೆಯುವುದು, ಫ್ಯೂಸ್ ಯಾಕೆ ಸುಟ್ಟಿತು ಎಂದು ಕೇಳುವುದು. ಇಷ್ಟು ಬಂದವನ ಕೈಯಲ್ಲಿ ಟೆಸ್ಟ್ ಲ್ಯಾಂಪ್ ಸುಳ್ಳು ಹೇಳಿದರೂ ಅವನು ಮೋಸಹೋಗುವುದಿಲ್ಲ. ಆ ಬಲ್ಬು ಎಷ್ಟು ಆಂಪಿಯರಿಗೆ ಮಾತ್ರ ಸಾಕ್ಷಿ ಎಂಬುದು ಅವನಿಗೆ ಗೊತ್ತಿರುತ್ತದೆ.