ದೊಡ್ಡಿ, ಕಕ್ಕಸು, ಪಾಯಖಾನೆ: ಮಾತಿಗೆ ಮೈಲಿಗೆ ತಟ್ಟುವ ಬಗೆ

ಕನ್ನಡದಲ್ಲಿ ದೊಡ್ಡಿ ಎಂದರೆ ದನಗಳನ್ನು ಕೂಡುವ ಆವರಣ. ಮರ್ಯಾದೆಯ ಮಾತು. ಮಂಡ್ಯ, ರಾಮನಗರ ಕಡೆಯ ಎಷ್ಟೋ ಹಳ್ಳಿಗಳ ಹೆಸರು ಈ ಮಾತಿನಿಂದಲೇ ಮುಗಿಯುತ್ತದೆ. ರಾಯಚೂರು ಜಿಲ್ಲೆಯಲ್ಲಿ ಹೊಲಗಳ ನಡುವಣ ಸಣ್ಣ ಜನವಸತಿಗೂ ದೊಡ್ಡಿ ಎಂದೇ ಹೆಸರು.

ಅದೇ ರಾಯಚೂರಿನ ಗಡಿ ದಾಟಿ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳತ್ತ ನಡೆದರೆ ಮಾತಿನ ಬಣ್ಣ ಬದಲಾಗುತ್ತದೆ. ತೆಲುಗಿನಲ್ಲಿಯೂ ದೊಡ್ಡಿ ದನದ ಆವರಣವೇ, ಮನೆಯ ಹಿತ್ತಲೂ ಹೌದು. ಆದರೆ ‘ದೊಡ್ಡಿಕಿ’ ಹೋಗುವುದೆಂದರೆ ಮಲವಿಸರ್ಜನೆಗೆ ಹೋಗುವುದು. ಹಿತ್ತಲ ಕಡೆ ಹೋಗುತ್ತೇನೆಂದು ಮುಚ್ಚಿ ಹೇಳಿದ ಮಾತಿಗೆ ಕಾಲಕ್ರಮದಲ್ಲಿ ಹೇಸಿಗೆಯೇ ಅಂಟಿಕೊಂಡಿತು. ಈಗ ಶೌಚಾಲಯಕ್ಕೆ ‘ಮರುಗುದೊಡ್ಡಿ’, ಅಂದರೆ ಮರೆಯ ದೊಡ್ಡಿ, ಎಂಬ ಹೆಸರೂ ಇದೆ.

ಈ ಮೂರು ಊರುಗಳ ಕನ್ನಡಿಗರ ಕಥೆ ನಮಗೆ ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಮೈಸೂರಿಗೆ ಸೇರಿತು; ಇವು ಆಂಧ್ರಪ್ರದೇಶದಲ್ಲಿ ಉಳಿದವು, 2014ರಿಂದ ತೆಲಂಗಾಣದಲ್ಲಿವೆ. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು.

ಇನ್ನು ನಮ್ಮ ಕಡೆಯ ಮಾತಿಗೆ ಬರೋಣ. ಕಕ್ಕಸು ಅಚ್ಚಕನ್ನಡವೆಂದು ನಂಬಿದವರು ಬಹಳ. ಅದರ ಮೂಲ ಡಚ್ಚರ ‘ಕಾಕ್‌ಹೌಸ್’: ‘ಕಾಕ್’ ಎಂದರೆ ಹೇಲು, ‘ಹೌಸ್’ ಎಂದರೆ ಮನೆ. 1663ರಲ್ಲಿ ಕೊಚ್ಚಿಯನ್ನು ಹಿಡಿದ ಡಚ್ಚರು 1795ರ ತನಕ ಅಲ್ಲಿದ್ದರು. ಸಿಂಹಳದ ಕರಾವಳಿಯೂ ಅವರ ಕೈಯಲ್ಲಿತ್ತು. ಮಲಯಾಳ ಮತ್ತು ತಮಿಳಿನಲ್ಲಿ ಅದು ಕಕ್ಕೂಸ್, ಸಿಂಹಳದಲ್ಲಿ ಕಕ್ಕುಸ್ಸಿ, ಇಂಡೋನೇಷ್ಯದಲ್ಲಿ ಕಾಕುಸ್. ಡಚ್ಚರಲ್ಲಿ ಒರಟಾಗಿದ್ದ ಮಾತು ನಮ್ಮಲ್ಲಿ ಬಹುಕಾಲ ಸಾಧಾರಣ ಮಾತಾಗಿತ್ತು. ಈಗ ಅದೂ ಬಾಯಿಗೆ ಬಾರದು, ‘ಟಾಯ್ಲೆಟ್’ ಬೇಕು. ಆ ಟಾಯ್ಲೆಟ್ಟೋ, ಮೂಲದಲ್ಲಿ ಫ್ರೆಂಚರ ಒಂದು ಚಿಕ್ಕ ಬಟ್ಟೆಯ ಹೆಸರು!

ನಿಜಾಮರ ಸೀಮೆಯಲ್ಲಿ ರೂಢಿಯಾದ ಪಾಯಖಾನೆ ಪಾರಸಿಯದು. ಪಾಯ ಎಂದರೆ ಕಾಲು, ಖಾನೆ ಎಂದರೆ ಮನೆ. ಇಷ್ಟು ಸಭ್ಯವಾಗಿ ಹುಟ್ಟಿದ ಮಾತಿಗೂ ದುರ್ವಾಸನೆ ತಪ್ಪಲಿಲ್ಲ.

ಹಾಗಾದರೆ ಮೈಲಿಗೆ ಇರುವುದು ಮಾತಿನಲ್ಲಿಯೇ? ಅಲ್ಲ. ಮಲವನ್ನು ತಲೆಯ ಮೇಲೆ ಹೊರುವ ಕೆಲಸವನ್ನು ಕೆಲವೇ ಜಾತಿಗಳಿಗೆ ಹೊರಿಸಿ, ಹೊತ್ತವರನ್ನೇ ಹೊಲಸೆಂದ ಸಮಾಜ ನಮ್ಮದು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಈ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾನೂನು ಬಂತು, ಸಾಲದೆ 2013ರಲ್ಲಿ ಇನ್ನೊಂದು ಬಂತು. ಕೆಲಸದ ಮೇಲಿನ ಹೇಸಿಗೆ ಹೋಗದೆ ಹೆಸರು ಮಾತ್ರ ಬದಲಿಸಿದರೆ ಹೊಸ ಹೆಸರೂ ನಾಳೆ ಬೈಗುಳವೇ.

ಗಡಿನಾಡಿನ ಮನೆಗಳಿಗೆ ಇದರಲ್ಲೊಂದು ಪಾಠವಿದೆ. ನಮ್ಮ ಮಕ್ಕಳು ಎರಡು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ತಮ್ಮ ದನದ ದೊಡ್ಡಿಯ ಮಾತೆತ್ತಿದ ಮಗುವನ್ನು ನೋಡಿ ತರಗತಿ ನಕ್ಕರೆ, ಮರುದಿನ ಆ ಮಗು ಬಾಯಿ ಬಿಡುವುದಿಲ್ಲ. ಮನೆಮಾತೇ ಕೀಳೆಂದು ತಿಳಿಯುತ್ತದೆ. ಮಗುವಿನ ಬಾಯಿ ಮುಚ್ಚಿಸುವ ಬದಲು ಮಾತಿನ ಕಥೆ ಹೇಳಿರಿ. ಒಂದೇ ಮಾತಿಗೆ ಈ ಊರಲ್ಲೊಂದು ಅರ್ಥ, ಆ ಊರಲ್ಲೊಂದು ಅರ್ಥವೆಂದು ತಿಳಿದ ಮಗು ನಾಚುವುದೂ ಇಲ್ಲ, ಇನ್ನೊಬ್ಬರ ಮಾತು ಕೇಳಿ ನಗುವುದೂ ಇಲ್ಲ.